ಎರಡನೇ ಸಲ ನೋಡಲು ಸಿಕ್ಕ ಸಿನಿಮಾಗಳು

2022ರ ಡಿಸೆಂಬರ್ ಮೊದಲ ದಿನ ಬ್ರಿಟನ್ನಿನ ಸೈಟ್ ಅಂಡ್ ಸೌಂಡ್ ಪತ್ರಿಕೆಯ ಪಟ್ಟಿ ಹೊರಬಿತ್ತು. ಸಿನಿಮಾ ಹುಚ್ಚಿನವರಿಗೆ ವಾರಗಟ್ಟಲೆ ಸಾಕಾಗುವಷ್ಟು ಜಗಳವೂ ಅದರ ಜೊತೆಗೇ ಸಿಕ್ಕಿತು. ಹತ್ತು ವರ್ಷಕ್ಕೊಮ್ಮೆ ಲೋಕದ ವಿಮರ್ಶಕರನ್ನೆಲ್ಲ ಕೇಳಿ ‘ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳು’ ಯಾವುವೆಂದು ಲೆಕ್ಕ ಹಾಕುವ ಪಟ್ಟಿ ಅದು. 1962ರಿಂದ 2002ರವರೆಗೆ ಐದು ಸಲವೂ ಆರ್ಸನ್ ವೆಲ್ಸ್‌ನ ‘ಸಿಟಿಜನ್ ಕೇನ್’ ಮೊದಲ ಸ್ಥಾನದಲ್ಲಿ ಗಟ್ಟಿಯಾಗಿ ಕೂತಿತ್ತು. 2012ರಲ್ಲಿ ಹಿಚ್‌ಕಾಕ್‌ನ ‘ವರ್ಟಿಗೋ’ ಅದನ್ನು ಕೆಳಗಿಳಿಸಿತು. 2022ರಲ್ಲಿ ಅವೆರಡನ್ನೂ ಹಿಂದೆ ಹಾಕಿದ್ದು ಶಾಂತಾಲ್ ಅಕರ್ಮಾನ್ ಎಂಬ ಬೆಲ್ಜಿಯಂ ಹೆಣ್ಣುಮಗಳು 1975ರಲ್ಲಿ, ತನ್ನ ಇಪ್ಪತ್ತೈದರ ಆಸುಪಾಸಿನಲ್ಲಿ ತೆಗೆದ ‘ಝಾನ್ ಡೀಲ್ಮನ್’. ಮೂರು ಗಂಟೆ ಇಪ್ಪತ್ತು ನಿಮಿಷದ ಸಿನಿಮಾ. ಬ್ರಸೆಲ್ಸ್‌ನ ಒಂದು ಫ್ಲ್ಯಾಟಿನಲ್ಲಿ ಒಬ್ಬ ವಿಧವೆ ಆಲೂಗಡ್ಡೆ ಸುಲಿಯುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ಹಾಸಿಗೆ ಸರಿಪಡಿಸುತ್ತಾಳೆ, ಮಗನಿಗೆ ಬಡಿಸುತ್ತಾಳೆ. ಮಧ್ಯಾಹ್ನ ದುಡ್ಡಿಗಾಗಿ ಗಂಡಸರನ್ನು ಮನೆಗೆ ಬಿಟ್ಟುಕೊಳ್ಳುತ್ತಾಳೆ. ಮೂರು ದಿನದ ಕಥೆ.

‘ಟ್ಯಾಕ್ಸಿ ಡ್ರೈವರ್’ ಬರೆದ ಪಾಲ್ ಶ್ರೇಡರ್ ಅಂಥವರೇ ಸಿಟ್ಟಾದರು. ಮತದಾರರ ಬಳಗವನ್ನು ಹಿಗ್ಗಿಸಿ, ಲೆಕ್ಕವನ್ನೇ ತಿರುಚಿ, ಇಷ್ಟು ವರ್ಷ ಕಾಪಾಡಿಕೊಂಡು ಬಂದ ಪಟ್ಟಿಯ ಮರ್ಯಾದೆ ತೆಗೆದರು ಅನ್ನುವ ಧಾಟಿ ಅವರದು. ತಮಾಷೆ ಅಂದರೆ ಆ ಚಿತ್ರ ಅವರಿಗೂ ಬಹಳ ಇಷ್ಟವೇ. ಮತದಾರರ ಸಂಖ್ಯೆ ಹೆಚ್ಚಿದ್ದು ನಿಜ: 2012ರಲ್ಲಿ 846 ಮಂದಿ, 2022ರಲ್ಲಿ 1,639. ಹೊಸಬರಲ್ಲಿ ಹೆಂಗಸರು, ಕಿರಿಯರು, ಯುರೋಪು ಅಮೆರಿಕದ ಆಚೆಯವರು ಹೆಚ್ಚಿದ್ದರು. ಹಿಂದಿನ ಪಟ್ಟಿಯ ಮೊದಲ ನೂರರಲ್ಲಿ ಹೆಂಗಸರು ನಿರ್ದೇಶಿಸಿದ ಚಿತ್ರಗಳು ಎರಡೇ ಎರಡು ಇದ್ದವು ಅನ್ನುವುದನ್ನು ನೆನೆಸಿಕೊಂಡರೆ, ಬಳಗ ಹಿಗ್ಗಿಸಿದ್ದು ಯಾಕೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ನನ್ನ ಗೆಳೆಯರ ನಡುವೆಯೂ ಇದೇ ಜಗಳ ನಡೆಯಿತು, ಈಗಲೂ ನಡೆಯುತ್ತಿದೆ. ಕಾಫಿ ಕುಡಿಯುವಾಗ ಯಾರೋ ಒಬ್ಬ ‘ಗಾಡ್‌ಫಾದರ್ ಬಿಟ್ಟು ಆಲೂಗಡ್ಡೆಗೆ ಕೊಟ್ಟರಲ್ಲ ಮಾರಾಯ’ ಅಂತ ಶುರು ಮಾಡುತ್ತಾನೆ. ಇನ್ನೊಬ್ಬಳು ಅವನ ಮೇಲೆ ಬೀಳುತ್ತಾಳೆ. ಆಮೇಲೆ ಮಾತು ಎಲ್ಲೆಲ್ಲೋ ಹೋಗಿ ರಾಜ್‌ಕುಮಾರ್‌ಗೆ ಬಂದು ನಿಲ್ಲುತ್ತದೆ. ಈ ಗದ್ದಲದಲ್ಲಿ ನನಗೆ ವರ್ಷಗಳಿಂದ ಕೊರೆಯುತ್ತಿರುವ ಸಂಗತಿ ಒಂದಿದೆ. ಯಾವ ಚಿತ್ರ ದೊಡ್ಡದು ಅನ್ನುವುದು ನಾವು ಅಂದುಕೊಂಡಷ್ಟು ಮಟ್ಟಿಗೆ ರುಚಿಯ ಪ್ರಶ್ನೆಯಾಗಿ ನನಗೆ ಕಾಣುವುದಿಲ್ಲ. ಯಾವ ಚಿತ್ರ ಜನರಿಗೆ ಎರಡನೇ ಸಲ, ಮೂರನೇ ಸಲ, ಒಳ್ಳೆಯ ಪ್ರಿಂಟಿನಲ್ಲಿ ನೋಡಲು ಸಿಕ್ಕಿತು ಅನ್ನುವುದೇ ಅರ್ಧ ತೀರ್ಪು ಬರೆದಿರುತ್ತದೆ.

‘ಕೇನ್’ನಿಂದಲೇ ಶುರು ಮಾಡೋಣ. 1941ರಲ್ಲಿ ಬಂದಾಗ ಪತ್ರಿಕೋದ್ಯಮದ ದೊರೆ ಹರ್ಸ್ಟ್ ಅದರ ಹಿಂದೆ ಬಿದ್ದ. ಕಥಾನಾಯಕ ತನ್ನನ್ನೇ ಹೋಲುತ್ತಾನೆಂದು ಅವನಿಗೆ ಗೊತ್ತಿತ್ತು. ತನ್ನ ಪತ್ರಿಕೆಗಳಲ್ಲಿ ಜಾಹೀರಾತು ಕೂಡ ಹಾಕಲು ಬಿಡಲಿಲ್ಲ. ಚಿತ್ರ ಸೋತಿತು, ಸ್ಟುಡಿಯೋದ ಗೋದಾಮು ಸೇರಿತು. 1952ರಲ್ಲಿ ಮೊದಲ ಪಟ್ಟಿ ಬಂದಾಗ ಮೊದಲ ಹತ್ತರಲ್ಲಿ ‘ಕೇನ್’ ಇರಲೇ ಇಲ್ಲ. ಆಗ ಗೆದ್ದದ್ದು ಡಿ ಸಿಕಾನ ‘ಬೈಸಿಕಲ್ ಥೀವ್ಸ್’, ಅದಕ್ಕೆ ಬರೀ ನಾಲ್ಕು ವರ್ಷ ವಯಸ್ಸು. ಐವತ್ತರ ದಶಕದ ನಡುವೆ ಆರ್‌ಕೆಓ ಸ್ಟುಡಿಯೋ ತನ್ನ ಹಳೇ ಚಿತ್ರಗಳನ್ನು ಟೀವಿಗೆ ಮಾರಿತು. ‘ಕೇನ್’ ಅಮೆರಿಕದ ಮನೆಗಳಿಗೆ ಬಂತು, ಚಿತ್ರಮಂದಿರಕ್ಕೂ ಮರಳಿತು. ಯುದ್ಧದ ಕಾಲದಲ್ಲಿ ಅದನ್ನು ನೋಡಲಾಗದ ಫ್ರಾನ್ಸಿನ ಹುಡುಗರು 1946ರಲ್ಲಿ ನೋಡಿ ಆಗಲೇ ಹುಚ್ಚರಾಗಿದ್ದರು. 1962ರ ಹೊತ್ತಿಗೆ ಅದು ಮೊದಲನೆಯದು. ಚಿತ್ರದಲ್ಲಿ ಒಂದು ಫ್ರೇಮೂ ಬದಲಾಗಿರಲಿಲ್ಲ. ನೋಡುವ ದಾರಿ ತೆರೆದಿತ್ತು, ಅಷ್ಟೇ.

‘ವರ್ಟಿಗೋ’ ಕಥೆ ಇನ್ನೂ ಸ್ಪಷ್ಟ. 1958ರಲ್ಲಿ ಅದಕ್ಕೆ ಸಿಕ್ಕಿದ್ದು ಸಾಧಾರಣ ಸ್ವಾಗತ. ಆಮೇಲೆ ಅದೂ ಸೇರಿದಂತೆ ತನ್ನ ಐದು ಚಿತ್ರಗಳ ಹಕ್ಕನ್ನು ಹಿಚ್‌ಕಾಕ್ ತಾನೇ ಇಟ್ಟುಕೊಂಡು ಚಲಾವಣೆಯಿಂದ ಹಿಂದೆಗೆದ. ಹತ್ತು ವರ್ಷದಷ್ಟು ಕಾಲ ಅದನ್ನು ನೆಟ್ಟಗೆ ನೋಡುವ ದಾರಿಯೇ ಇರಲಿಲ್ಲ. 1980ರಲ್ಲಿ ಅವನು ತೀರಿಕೊಂಡ, 1983-84ರಲ್ಲಿ ಆ ಐದೂ ಮತ್ತೆ ತೆರೆಗೆ ಬಂದವು. ಈಗ ಪಟ್ಟಿಗಳನ್ನು ಸಾಲಾಗಿ ಇಟ್ಟು ನೋಡಿ: 1982ರಲ್ಲಿ ಏಳನೆಯದು, 1992ರಲ್ಲಿ ನಾಲ್ಕು, 2002ರಲ್ಲಿ ಎರಡು, 2012ರಲ್ಲಿ ಒಂದು. ನಡುವೆ 1996ರಲ್ಲಿ ಅದನ್ನು ತೊಳೆದು ಬಣ್ಣ ಮರಳಿಸಿ ದೊಡ್ಡ ಪರದೆಗೆ ಬಿಟ್ಟರು. ಮೆಟ್ಟಿಲು ಹತ್ತಿದ್ದು ಸಿನಿಮಾವೇ, ಸಂಶಯವಿಲ್ಲ. ಆದರೆ ಏಣಿ ಇಟ್ಟವರು ಬೇರೆ.

ಇದು ವಿಮರ್ಶಕರ ಪಟ್ಟಿಗೆ ಮಾತ್ರ ಅಂಟಿದ ರೋಗವಲ್ಲ. ಫ್ರಾಂಕ್ ಕಾಪ್ರಾನ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ 1946ರಲ್ಲಿ ಹಾಕಿದ ದುಡ್ಡನ್ನೂ ಹಿಂದಕ್ಕೆ ತರಲಿಲ್ಲ. 1974ರಲ್ಲಿ ಯಾರೋ ಅದರ ಕಾಪಿರೈಟ್ ನವೀಕರಿಸಲು ಮರೆತರು. ಬಿಟ್ಟಿ ಸಿಕ್ಕ ಚಿತ್ರವನ್ನು ಅಮೆರಿಕದ ಟೀವಿ ಚಾನೆಲ್ಲುಗಳು ಪ್ರತಿ ಕ್ರಿಸ್‌ಮಸ್‌ಗೆ ಹಾಕಿದ್ದೇ ಹಾಕಿದ್ದು. ಇವತ್ತು ಅದಿಲ್ಲದೆ ಅವರಿಗೆ ಹಬ್ಬವಿಲ್ಲ. ಪ್ರೇಕ್ಷಕರೇ ಅಂಕ ಕೊಡುವ ಐಎಂಡಿಬಿ ಜಾಲತಾಣದಲ್ಲಿ ವರ್ಷಾನುಗಟ್ಟಲೆ ಮೊದಲ ಸ್ಥಾನ ಬಿಟ್ಟುಕೊಡದ ‘ಶಾಶ್ಯಾಂಕ್ ರಿಡೆಂಪ್ಷನ್’ 1994ರಲ್ಲಿ ಥಿಯೇಟರುಗಳಲ್ಲಿ ಮಕಾಡೆ ಮಲಗಿತ್ತು, ಅದನ್ನು ಎಬ್ಬಿಸಿದ್ದು ವಿಡಿಯೋ ಕ್ಯಾಸೆಟ್ಟು ಮತ್ತು ಕೇಬಲ್ ಟೀವಿ.

ನನಗೆ ಎಲ್ಲಕ್ಕಿಂತ ವಿಚಿತ್ರ ಅನಿಸುವುದು ಡ್ರೇಯರ್‌ನ ‘ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್’. 1928ರ ಮೂಕಿ. ಬಿಡುಗಡೆಯಾದ ವರ್ಷವೇ ಮೂಲ ನೆಗೆಟಿವ್ ಬೆಂಕಿಗೆ ಆಹುತಿಯಾಯಿತು. ಡ್ರೇಯರ್ ಉಳಿದಿದ್ದ ಬೇರೆ ಟೇಕುಗಳನ್ನು ಜೋಡಿಸಿ ಇನ್ನೊಂದು ಆವೃತ್ತಿ ಮಾಡಿದ. ಆಮೇಲೆ ದಶಕಗಟ್ಟಲೆ ಜನ ನೋಡಿದ್ದು ಹರಕು ಮುರುಕು ರೂಪಗಳನ್ನು. 1952ರ ಮೊದಲ ಹತ್ತರಲ್ಲಿ ಆ ಚಿತ್ರವಿತ್ತು. ಡ್ರೇಯರ್ ಮೊದಲು ಕತ್ತರಿಸಿ ಜೋಡಿಸಿದ ರೂಪ ಸಿಕ್ಕಿದ್ದು 1981ರಲ್ಲಿ, ಓಸ್ಲೋದ ಒಂದು ಮಾನಸಿಕ ಆಸ್ಪತ್ರೆಯ ಕಪಾಟಿನಲ್ಲಿ! ಯಾರು ತಂದಿಟ್ಟರೋ, ಯಾಕೆ ತಂದಿಟ್ಟರೋ. ಅಂದರೆ 1952ರ ವಿಮರ್ಶಕರು ಲೋಕಶ್ರೇಷ್ಠ ಅಂತ ಮತ ಹಾಕಿದ್ದು ಡ್ರೇಯರ್ ಮೊದಲು ತೋರಿಸಿದ ಚಿತ್ರಕ್ಕಲ್ಲ, ಅದರ ಹತ್ತಿರದ ನೆಂಟನಿಗೆ. ಹಾಗಂತ ಅವರ ತೀರ್ಪು ಸುಳ್ಳಾಗಲಿಲ್ಲ. ಜೋನ್ ಪಾತ್ರದ ಫಾಲ್ಕನೆಟ್ಟಿಯ ಮುಖವೊಂದೇ ಸಾಕು, ಯಾವ ಹರಕು ಪ್ರಿಂಟಿನಲ್ಲಾದರೂ ಅದು ನಿಲ್ಲುತ್ತದೆ. ಈ ಉದಾಹರಣೆ ನನ್ನ ವಾದಕ್ಕೆ ಪೂರ್ತಿ ಒಪ್ಪುವುದಿಲ್ಲ ಅನ್ನುವುದು ಗೊತ್ತಿದ್ದೇ ಹೇಳುತ್ತಿದ್ದೇನೆ.

ಲೆಕ್ಕದ ವಿಷಯಕ್ಕೆ ಬಂದರೆ ಶ್ರೇಡರ್ ಥರದವರ ಸಿಟ್ಟು ಇನ್ನಷ್ಟು ಸಡಿಲವಾಗುತ್ತದೆ. ಪ್ರತಿಯೊಬ್ಬರೂ ಹತ್ತು ಚಿತ್ರ ಹೆಸರಿಸಬೇಕು. ಮೊದಲನೆಯದಕ್ಕೂ ಹತ್ತನೆಯದಕ್ಕೂ ಸಮನಾಗಿ ಒಂದೊಂದೇ ಮತ. 2012ರಲ್ಲಿ ‘ವರ್ಟಿಗೋ’ಗೆ ಬಿದ್ದದ್ದು 191 ಮತ, ‘ಕೇನ್’ಗೆ 157. ಗೆದ್ದ ಚಿತ್ರವನ್ನು ಮುಕ್ಕಾಲು ಪಾಲಿಗಿಂತ ಹೆಚ್ಚು ಮತದಾರರು ತಮ್ಮ ಹತ್ತರೊಳಗೆ ಸೇರಿಸಿರಲೇ ಇಲ್ಲ. ಪಂಚಾಯತಿ ಎಲೆಕ್ಷನ್ನಿನಲ್ಲಿ ಇಂಥ ಫಲಿತಾಂಶ ಬಂದಿದ್ದರೆ ನಾವು ಅದನ್ನು ‘ಸಾರ್ವಕಾಲಿಕ’ ಅಂತ ಕರೆಯುತ್ತಿರಲಿಲ್ಲ.

ಇದರಲ್ಲೇ ಮತ ಒಡೆಯುವ ಆಟವೂ ಇದೆ. ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್‌ನ ಆರಾಧಕರನ್ನು ಕೇಳಿ: ಒಬ್ಬ ‘ಪರ್ಸೋನಾ’ ಅನ್ನುತ್ತಾನೆ, ಒಬ್ಬ ‘ವೈಲ್ಡ್ ಸ್ಟ್ರಾಬೆರೀಸ್’, ಇನ್ನೊಬ್ಬ ‘ಫ್ಯಾನಿ ಅಂಡ್ ಅಲೆಕ್ಸಾಂಡರ್’. ಮತ ಚೂರುಚೂರಾಗುತ್ತದೆ. ಅಕರ್ಮಾನ್ ಅಭಿಮಾನಿಗಳಿಗೆ ಆ ಗೊಂದಲ ಕಮ್ಮಿ, ಒಂದೇ ಹೆಸರಿಗೆ ಕೈ ಹೋಗುತ್ತದೆ. 2002ರಲ್ಲಿ ‘ಗಾಡ್‌ಫಾದರ್’ನ ಎರಡೂ ಭಾಗಗಳನ್ನು ಕೂಡಿಸಿ ಎಣಿಸಿದ್ದರಿಂದ ನಾಲ್ಕನೇ ಸ್ಥಾನ ಸಿಕ್ಕಿತ್ತು. ಮುಂದಿನ ಸಲ ಬೇರೆ ಬೇರೆ ಎಣಿಸಿದರು, ಹತ್ತರಿಂದ ಆಚೆ ಬಿತ್ತು. ಕಾಫಿ ಹೊತ್ತಿಗೆ ಗಾಡ್‌ಫಾದರ್ ಪರ ಕೂಗುವ ನನ್ನ ಗೆಳೆಯನಿಗೆ ಇದನ್ನು ಹೇಳಿದರೆ, ‘ಹಾಗಾದರೆ ಮೋಸ ಇಲ್ಲೇ ಇದೆ’ ಅಂತ ಇನ್ನೂ ಜೋರಾಗಿ ಕೂಗುತ್ತಾನೆ.

ನಮ್ಮ ಕಡೆ ಇಂಥದೊಂದು ಚುನಾವಣೆ ನಡೆಸಿದರೆ ಏನಾಗುತ್ತದೆ? ರಾಜ್‌ಕುಮಾರ್ ಮತಗಳು ‘ಬಂಗಾರದ ಮನುಷ್ಯ’, ‘ಕಸ್ತೂರಿ ನಿವಾಸ’, ‘ಬೇಡರ ಕಣ್ಣಪ್ಪ’ ಅಂತ ಹತ್ತು ದಿಕ್ಕಿಗೆ ಹೋಗುತ್ತವೆ. ಪುಟ್ಟಣ್ಣನವರದೂ ಅದೇ ಕಥೆ. ಗೆಲ್ಲುವುದು ಬಹುಶಃ ಯಾರೂ ಜೋರಾಗಿ ವಿರೋಧಿಸದ, ಎಲ್ಲರ ಪಟ್ಟಿಯಲ್ಲೂ ಏಳನೆಯದೋ ಎಂಟನೆಯದೋ ಆಗಿರುವ ಒಂದು ಚಿತ್ರ.

ಇಷ್ಟೆಲ್ಲ ಹೇಳಿದ ಮೇಲೂ ‘ಝಾನ್ ಡೀಲ್ಮನ್’ ಬರೀ ಲೆಕ್ಕದ ಪವಾಡ ಅಂತ ನಾನು ಒಪ್ಪುವುದಿಲ್ಲ. ಅದನ್ನು ಮನೆಯಲ್ಲಿ ನೋಡುವಾಗ ನಮ್ಮ ಸೋದರತ್ತೆ ಜೊತೆಗಿದ್ದರು. ಅವರಿಗೆ ಫ್ರೆಂಚ್ ಬರುವುದಿಲ್ಲ, ಸಬ್‌ಟೈಟಲ್ ಓದುವ ಸಹನೆಯೂ ಇಲ್ಲ. ಓದಬೇಕಾದ ಮಾತೂ ಅದರಲ್ಲಿ ಹೆಚ್ಚಿಲ್ಲ ಬಿಡಿ. ಮೊದಲ ದಿನದ ಅಡುಗೆಯನ್ನೆಲ್ಲ ಅವರು ಪರೀಕ್ಷಕರ ಹಾಗೆ ನೋಡಿದರು, ‘ಕೈ ಚೊಕ್ಕ ಇದೆ’ ಅಂತ ಸರ್ಟಿಫಿಕೇಟೂ ಕೊಟ್ಟರು. ಎರಡನೇ ದಿನ ಆಲೂಗಡ್ಡೆ ಒಲೆಯ ಮೇಲೆ ಹೆಚ್ಚು ಬೆಂದು ಹಾಳಾಗುತ್ತದೆ, ಝಾನ್ ಪಾತ್ರೆ ಹಿಡಿದುಕೊಂಡು ಎಲ್ಲಿ ಇಡಬೇಕೆಂದು ತೋಚದೆ ಓಡಾಡುತ್ತಾಳೆ. ಅತ್ತೆ ನೆಟ್ಟಗೆ ಕೂತರು. ‘ಏನೋ ಆಗಿದೆ ಇವಳಿಗೆ. ಆ ಗಂಡಸು ಬಂದು ಹೋದಮೇಲೆ ಏನೋ ಆಗಿದೆ’ ಅಂದರು. ಆ ಚಿತ್ರದ ಮೇಲೆ ಬಂದಿರುವ ದಪ್ಪ ದಪ್ಪ ಲೇಖನಗಳ ಸಾರ ಅದೇ. ಝಾನ್ ಪಾತ್ರದ ಡೆಲ್ಫೀನ್ ಸೇರಿಗ್ ಒಂದು ಹನಿ ಕಣ್ಣೀರು ಹಾಕದೆ, ಒಂದು ಗುಂಡಿ ಹಾಕಿಕೊಳ್ಳುವುದನ್ನು ಮರೆತು, ಒಂದು ಮುಚ್ಚಳ ಮುಚ್ಚುವುದನ್ನು ಮರೆತು ಕುಸಿಯುವುದನ್ನು ತೋರಿಸುತ್ತಾಳೆ. ಅದನ್ನು ಗುರುತಿಸಬೇಕಾದರೆ ಮೊದಲ ದಿನದ ಆ ಬೇಸರವನ್ನು ನಾವು ಪೂರ್ತಿ ಅನುಭವಿಸಿರಬೇಕು. ಫಾಸ್ಟ್ ಫಾರ್ವರ್ಡ್ ಮಾಡಿದವರಿಗೆ ಎರಡನೇ ದಿನ ಇಲ್ಲ.

ಹಾಗೆ ನೋಡಿದರೆ ಇದೂ ನೋಡಲು ಸಿಕ್ಕಿದ್ದರಿಂದಲೇ ಗೆದ್ದ ಚಿತ್ರ. ಮೂರೂಕಾಲು ಗಂಟೆಯ ಇಂಥದನ್ನು ಯಾವ ಥಿಯೇಟರಿನವನು ಹಾಕುತ್ತಾನೆ? ಮೂರು ದಶಕ ಅದು ಫಿಲ್ಮ್ ಸೊಸೈಟಿಗಳ, ಯೂನಿವರ್ಸಿಟಿಗಳ ಬಾಯಿಮಾತಾಗಿತ್ತು. ಚೊಕ್ಕ ಡಿವಿಡಿ ಬಂದದ್ದು 2009ರ ಹೊತ್ತಿಗೆ. 2012ರಲ್ಲಿ ಅದು ಮೂವತ್ತೈದರ ಆಸುಪಾಸಿನಲ್ಲಿತ್ತು. ಅಲ್ಲಿಂದ ತುದಿಗೆ ಹತ್ತು ವರ್ಷದ ದಾರಿ.

ಓಝುವಿನ ‘ಟೋಕಿಯೊ ಸ್ಟೋರಿ’ಯೂ ಹೀಗೇ ಕಾದಿತ್ತು. 1953ರ ಚಿತ್ರ ಅದು. ಇದು ತೀರಾ ಜಪಾನಿ ಸರಕು, ಹೊರಗಿನವರಿಗೆ ಅರ್ಥವಾಗದು ಅಂತ ಜಪಾನಿನ ಹಂಚಿಕೆದಾರರೇ ತೀರ್ಮಾನಿಸಿದ್ದರು. ನ್ಯೂಯಾರ್ಕಿನಲ್ಲಿ ಅದು ನಿಜವಾಗಿ ಬಿಡುಗಡೆಯಾದದ್ದು 1972ರಲ್ಲಿ, ಓಝು ಸತ್ತು ಒಂಬತ್ತು ವರ್ಷವಾದ ಮೇಲೆ. ಮುದಿ ಅಪ್ಪ ಅಮ್ಮ ಪಟ್ಟಣದ ಮಕ್ಕಳ ಮನೆಗೆ ಬರುತ್ತಾರೆ, ಮಕ್ಕಳಿಗೆ ಪುರಸೊತ್ತಿಲ್ಲ, ಯುದ್ಧದಲ್ಲಿ ಸತ್ತ ಮಗನ ಹೆಂಡತಿಯೊಬ್ಬಳೇ ಪ್ರೀತಿಯಿಂದ ನೋಡಿಕೊಳ್ಳುತ್ತಾಳೆ. ಇದರಲ್ಲಿ ಜಪಾನಿಗಳಿಗೆ ಮಾತ್ರ ಅರ್ಥವಾಗುವುದು ಏನಿದೆಯೋ ದೇವರೇ ಬಲ್ಲ. ಕೊನೆಯ ಹತ್ತಿರ ಕಿರಿಯ ಮಗಳು ‘ಬದುಕು ನಿರಾಸೆಯಲ್ಲವೇ’ ಅಂತ ಕೇಳುತ್ತಾಳೆ. ಸೊಸೆ ನಗುನಗುತ್ತಲೇ ಹೌದು ಅನ್ನುತ್ತಾಳೆ. ಆ ನಗುವಿಗಾಗಿ ನಾನು ‘ಕೇನ್’ ಅನ್ನು ಅದರ ಎಲ್ಲ ಕ್ಯಾಮೆರಾ ಕಸರತ್ತಿನ ಸಮೇತ ಬಿಟ್ಟುಕೊಡಲು ಸಿದ್ಧ. ಈ ಮಾತಿಗೆ ಬೈಗುಳ ತಿಂದು ಅಭ್ಯಾಸವಾಗಿದೆ.

ಭಾರತದ ಸರದಿ. 2022ರ ನೂರರಲ್ಲಿ ಇದ್ದ ಭಾರತೀಯ ಚಿತ್ರ ಒಂದೇ, ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’, 35ನೇ ಸ್ಥಾನ. ಅದೂ ಕೈತಪ್ಪಿ ಹೋಗುವುದರಲ್ಲಿತ್ತು. ರಾಯ್ ತೀರಿಕೊಂಡ ಮರುವರ್ಷ, 1993ರಲ್ಲಿ, ಅವರ ಚಿತ್ರಗಳ ಮೂಲ ನೆಗೆಟಿವ್‌ಗಳಿದ್ದ ಲಂಡನ್ನಿನ ಪ್ರಯೋಗಾಲಯಕ್ಕೆ ಬೆಂಕಿ ಬಿತ್ತು. ಸುಟ್ಟು ಸುರುಟಿದ ಆ ರೀಲುಗಳನ್ನು ಎಸೆಯದೆ ಕಾಪಾಡಿದವರಿದ್ದರು. ಇಪ್ಪತ್ತು ವರ್ಷದ ನಂತರ ಇಟಲಿಯ ಬೊಲೊನ್ಯಾದ ಕುಶಲಿಗಳು ಅವನ್ನು ಕೈಯಲ್ಲೇ ಬಿಡಿಸಿ, ಹದಗೊಳಿಸಿ, ಕೆಟ್ಟ ಭಾಗಕ್ಕೆ ಬೇರೆ ಪ್ರತಿಗಳಿಂದ ತುಂಬಿಸಿ ಮತ್ತೆ ಚಿತ್ರ ಮಾಡಿದರು. 2015ರಲ್ಲಿ ಜನ ನೋಡಿದ ದುರ್ಗಾ ಅಪು ಆ ಬೂದಿಯಿಂದ ಎದ್ದವರು. ಒಂದು ಕಾಲಕ್ಕೆ ಮೊದಲ ಹತ್ತರಲ್ಲಿದ್ದ ಚಿತ್ರ ಈಗ ಮೂವತ್ತೈದರಲ್ಲಾದರೂ ಇರುವುದು ಅವರ ದೆಸೆಯಿಂದ.

ಹಾಗೆ ಏಳದವರ ಲೆಕ್ಕ ಯಾರು ಇಟ್ಟಿದ್ದಾರೆ? ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚಿನಲ್ಲಿ ತೆರೆಕಂಡಿತು. ಕೊಲ್ಹಾಪುರದಲ್ಲಿ ಚಿತ್ರೀಕರಣ, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ನಾಗೇಂದ್ರರಾಯರು. ಇವತ್ತು ಅದರ ಪ್ರಿಂಟಿಲ್ಲ. ಅದಕ್ಕೂ ಹಿಂದೆ ಮೋಹನ ಭವನಾನಿ ಮೃಚ್ಛಕಟಿಕವನ್ನು ‘ವಸಂತಸೇನಾ’ ಎಂದು ಮೂಕಿ ಮಾಡಿದರು. ಅದರಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯ ಇದ್ದರು, ಮತ್ತೆ ನಮ್ಮ ಕೈಲಾಸಂ! ಕೈಲಾಸಂ ನಡೆಯುವುದು, ತಿರುಗುವುದು, ಹುಬ್ಬು ಹಾರಿಸುವುದು ಒಂದು ಕಾಲಕ್ಕೆ ಸೆಲ್ಯುಲಾಯ್ಡಿನ ಮೇಲಿತ್ತು. ಈಗ ನೋಡಲು ಸಿಗುವುದಿಲ್ಲ. ಭಾರತದಲ್ಲಿ ತಯಾರಾದ ಸಾವಿರಕ್ಕೂ ಹೆಚ್ಚು ಮೂಕಿ ಚಿತ್ರಗಳಲ್ಲಿ ಉಳಿದವು ಮೂವತ್ತರ ಆಸುಪಾಸು, ಅವೂ ಅನೇಕವು ತುಂಡು ತುಂಡು. ನೈಟ್ರೇಟ್ ಫಿಲಂ ಬೇಗ ಬೆಂಕಿ ಹಿಡಿಯುತ್ತಿತ್ತು, ಸೆಕೆಗೆ ಕೊಳೆಯುತ್ತಿತ್ತು. ಉಳಿದದ್ದನ್ನು ಅದರಲ್ಲಿನ ಬೆಳ್ಳಿಗಾಗಿ ಮಾರಿಕೊಂಡರು. ಇವುಗಳಲ್ಲಿ ಒಂದಾದರೂ ಮಹಾಚಿತ್ರ ಇದ್ದಿರಲಾರದೇ? ಇದ್ದಿರಬಹುದು, ಇಲ್ಲದಿರಬಹುದು. ಆ ಚರ್ಚೆಗೆ ಕೂರುವ ಹಕ್ಕನ್ನೇ ನಾವು ಕಳೆದುಕೊಂಡಿದ್ದೇವೆ.

ಉಳಿದವುಗಳ ಮಾತಿಗೆ ಬಂದರೆ ಕನ್ನಡದವರ ಜೇಬಿನಲ್ಲಿ ಎರಡು ಪಟ್ಟಿ ಇರುತ್ತವೆ. ಹೊರಗಿನವರು ಕೇಳಿದರೆ ತೆಗೆದು ಕೊಡುವ ಪಟ್ಟಿ: ‘ಸಂಸ್ಕಾರ’, ‘ಚೋಮನ ದುಡಿ’, ‘ಘಟಶ್ರಾದ್ಧ’, ‘ತಬರನ ಕಥೆ’, ಮೇಲೆ ಸ್ವರ್ಣಕಮಲದ ಮುದ್ರೆ. ನಾವು ನಾವೇ ಕೂತಾಗ ತೆಗೆಯುವ ಪಟ್ಟಿ ಬೇರೆ: ‘ಬಂಗಾರದ ಮನುಷ್ಯ’, ‘ನಾಗರಹಾವು’, ‘ಭೂತಯ್ಯನ ಮಗ ಅಯ್ಯು’. ಒಂದರ ಹೆಸರು ಅವಾರ್ಡ್ ಸಿನಿಮಾ, ಇನ್ನೊಂದರದು ಬರೀ ಸಿನಿಮಾ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದವರನ್ನು ನಾನು ಹೆಚ್ಚು ನೋಡಿಲ್ಲ. ಸೈಟ್ ಅಂಡ್ ಸೌಂಡ್‌ನವರಿಗೆ ಆ ಮುಜುಗರ ಇಲ್ಲ. 2022ರ ಹತ್ತರಲ್ಲಿ ಮೊದಲನೆಯದು ಆಲೂಗಡ್ಡೆಯ ‘ಝಾನ್ ಡೀಲ್ಮನ್’ ಆದರೆ ಹತ್ತನೆಯದು ‘ಸಿಂಗಿಂಗ್ ಇನ್ ದ ರೇನ್’, ಅಪ್ಪಟ ಹಾಡು ಕುಣಿತದ ಹಾಲಿವುಡ್ ಮನರಂಜನೆ. ಜೀನ್ ಕೆಲ್ಲಿ ಮಳೆಯಲ್ಲಿ ಛತ್ರಿ ಹಿಡಿದು ಕುಣಿದರೆ ಕಲೆ, ನಮ್ಮಲ್ಲಿ ಹಾಡು ಬಂದರೆ ಕಥೆಗೆ ಅಡ್ಡಿ ಅನ್ನುವ ನಮ್ಮ ವಿಮರ್ಶಕರ ತಲೆಯೊಳಗೆ ಏನಿದೆ?

ಅದಕ್ಕೇ ನಾನು ‘ಭೂತಯ್ಯನ ಮಗ ಅಯ್ಯು’ ಪರ ವಾದಿಸುತ್ತೇನೆ. 1974ರದು, ಗೊರೂರರ ಕಥೆ, ಸಿದ್ಧಲಿಂಗಯ್ಯನವರ ನಿರ್ದೇಶನ. ಬಡ್ಡಿಗೆ ಊರನ್ನೇ ಹಿಂಡಿದ ಭೂತಯ್ಯ ಸಾಯುತ್ತಾನೆ, ಹೆಣಕ್ಕೆ ಹೆಗಲು ಕೊಡಲು ಊರಲ್ಲಿ ಜನವಿಲ್ಲ. ಅಪ್ಪನ ದ್ವೇಷವನ್ನು ಆಸ್ತಿಯ ಜೊತೆಗೇ ಮಗ ಪಡೆಯುತ್ತಾನೆ. ಅಲ್ಲಿಂದ ಲೋಕೇಶರ ಅಯ್ಯು, ವಿಷ್ಣುವರ್ಧನರ ಗುಳ್ಳ ಕೋರ್ಟಿನಲ್ಲಿ, ಹೊಲದಲ್ಲಿ, ಬೀದಿಯಲ್ಲಿ ಒಬ್ಬರನ್ನೊಬ್ಬರು ತಿಂದು ಮುಗಿಸುವುದನ್ನು ಸಿದ್ಧಲಿಂಗಯ್ಯ ಯಾವ ಆತುರವೂ ಇಲ್ಲದೆ ತೋರಿಸುತ್ತಾರೆ. ಒಂದು ಹಳ್ಳಿ ದ್ವೇಷವನ್ನು ಹೇಗೆ ಸಾಕುತ್ತದೆ, ಯಾರು ಅದಕ್ಕೆ ತುಪ್ಪ ಸುರಿಯುತ್ತಾರೆ, ಯಾರು ನಡುವೆ ತಿಂದು ತೇಗುತ್ತಾರೆ ಅನ್ನುವುದು ಇಷ್ಟು ವಿವರವಾಗಿ ಬಂದ ಚಿತ್ರ ಯಾವ ಭಾಷೆಯಲ್ಲೂ ಹೆಚ್ಚಿಲ್ಲ. ಲೋಕನಾಥ್ ಅವರಿಗೆ ಬದುಕಿಡೀ ಅಂಟಿಕೊಂಡ ಉಪ್ಪಿನಕಾಯಿಯೂ ಆ ಗದ್ದಲದಲ್ಲೇ ಹುಟ್ಟಿದ್ದು. ಕೊನೆಗೆ ಹೊಳೆ ಉಕ್ಕಿ ಬರುತ್ತದೆ. ಟೆಂಟಿನಲ್ಲಿ ನೋಡಿದವರು ಆ ನೀರಿನ ಬಗ್ಗೆ ಹೇಳುವುದನ್ನು ಕೇಳಬೇಕು.

ಈಗಿನ ಹುಡುಗರಿಗೆ ತೋರಿಸೋಣ ಅಂತ ಹುಡುಕಿದರೆ ಸಿಗುವುದು ಟೀವಿಯಿಂದ ಇಳಿಸಿಕೊಂಡ ಮಾಸಲು ಪ್ರತಿ. ಪರದೆಯ ಅಕ್ಕಪಕ್ಕ ಕತ್ತರಿಸಿಹೋಗಿದೆ, ಬಣ್ಣವೆಲ್ಲ ನೇರಳೆಗೆ ತಿರುಗಿದೆ. ಪ್ರವಾಹದ ದೃಶ್ಯದಲ್ಲಿ ನೀರು ಯಾವುದು ಆಕಾಶ ಯಾವುದು ಅಂತ ಊಹಿಸಿಕೊಳ್ಳಬೇಕು. ಕೊರಿಯಾದ ಒಬ್ಬ ವಿಮರ್ಶಕಿಗೆ ಇದನ್ನು ಕಳಿಸಿ ‘ನಮ್ಮ ಮಹಾಚಿತ್ರ ನೋಡು’ ಅನ್ನಲು ನನಗೆ ಮುಖವಿಲ್ಲ.

‘ಘಟಶ್ರಾದ್ಧ’ಕ್ಕೆ ಅದೃಷ್ಟ ಕುದುರಿತು. ಗಿರೀಶ ಕಾಸರವಳ್ಳಿಯವರ 1977ರ ಮೊದಲ ಚಿತ್ರ, ಅನಂತಮೂರ್ತಿಯವರ ಕಥೆ, ಎಸ್. ರಾಮಚಂದ್ರ ಅವರ ಕಪ್ಪು ಬಿಳುಪು ಕ್ಯಾಮೆರಾ. ಪುಣೆಯ ಫಿಲಂ ಆರ್ಕೈವ್‌ನಲ್ಲಿ ಮೂಲ ನೆಗೆಟಿವ್ ಉಳಿದಿತ್ತು. ಹಾಲಿವುಡ್ ನಿರ್ದೇಶಕ ಸ್ಕೋರ್ಸೆಸಿಯ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಮತ್ತು ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ ಅದನ್ನು ಬೊಲೊನ್ಯಾಕ್ಕೆ ಒಯ್ದು ಸರಿಮಾಡಿಸಿದರು. 2024ರಲ್ಲಿ ವೆನಿಸ್ ಉತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೋರಿಸಿದರು. ನನ್ನ ತಲೆಮಾರಿನವರು ಅದನ್ನು ನೋಡಿದ್ದು ಭಾನುವಾರ ಮಧ್ಯಾಹ್ನದ ದೂರದರ್ಶನದಲ್ಲಿ, ಊಟದ ನಿದ್ದೆಗಣ್ಣಿನಲ್ಲಿ, ಆಂಟೆನಾ ತಿರುಗಿಸುತ್ತಾ. ಅದರ ನಾಯಕಿ ಯಮುನಕ್ಕನ ಮುಖದ ಮೇಲೆ ದೂರದರ್ಶನದ ಮರಳು ಸದಾ ಉದುರುತ್ತಿತ್ತು. ಅವಳನ್ನು ಆ ಮರಳಿಲ್ಲದೆ ನೋಡುವ ಮೊದಲ ಪ್ರೇಕ್ಷಕರಲ್ಲಿ ಹೆಚ್ಚಿನವರು ಇಟಲಿಯವರಾದರು. ನನಗೆ ಅದರಲ್ಲಿ ಸಂತೋಷವೇ, ಹೊಟ್ಟೆಕಿಚ್ಚೂ ಇಲ್ಲದಿಲ್ಲ.

ಇಲ್ಲಿ ಗೆಳೆಯನೊಬ್ಬನ ಆಕ್ಷೇಪವಿದೆ, ಅದು ಸುಲಭಕ್ಕೆ ಬಿಡುವಂಥದ್ದಲ್ಲ. ‘ನೀನು ಹೇಳುವಂತೆ ಪ್ರಿಂಟೇ ಎಲ್ಲ ಅನ್ನುವುದಾದರೆ, ನೋಡಲು ಸುಲಭವಾಗಿ ಸಿಗುವ ಸಾವಿರಾರು ಚಿತ್ರಗಳು ಯಾಕೆ ಪಟ್ಟಿಯಲ್ಲಿಲ್ಲ? ಈಗ ಫೋನಿನಲ್ಲಿ ಎಲ್ಲವೂ ಸಿಗುತ್ತದಲ್ಲ?’ ಸರಿಯಾದ ಮಾತು. ಕೈಗೆ ಸಿಕ್ಕರೆ ಸಾಲದು, ನೋಡುವ ಒಂದು ಕೂಟ ಬೇಕು, ನೋಡಿದ ಮೇಲೆ ಜಗಳವಾಡುವ ಜನ ಬೇಕು. ಎಪ್ಪತ್ತರ ದಶಕದಲ್ಲಿ ಕೆ.ವಿ. ಸುಬ್ಬಣ್ಣ ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿ ಮಲೆನಾಡಿನ ಹಳ್ಳಿಯವರಿಗೆ ಲೋಕದ ಚಿತ್ರಗಳನ್ನು ತೋರಿಸಿದಾಗ ಅಡಿಕೆ ತೋಟದವರು, ಮೇಷ್ಟ್ರುಗಳು ಅವನ್ನು ತಮ್ಮವೆಂಬಂತೆ ಚರ್ಚಿಸಿದರು. ಬೆಂಗಳೂರಿನಲ್ಲಿ ಸುಚಿತ್ರಾ ಫಿಲ್ಮ್ ಸೊಸೈಟಿ ಅದೇ ಕೆಲಸವನ್ನು 1971ರಿಂದ ಮಾಡುತ್ತಾ ಬಂದಿದೆ. ಅಲ್ಲಿ ನೋಡಿದವರ ಪಟ್ಟಿಗೂ ಫೋನಿನಲ್ಲಿ ಒಬ್ಬರೇ ನೋಡಿ ನಕ್ಷತ್ರ ಒತ್ತಿದವರ ಪಟ್ಟಿಗೂ ವ್ಯತ್ಯಾಸ ಇದ್ದೇ ಇರುತ್ತದೆ. ಆದರೂ ಕೂಟಕ್ಕೆ ಮೊದಲು ಪ್ರಿಂಟು ಬೇಕಲ್ಲ ಮಾರಾಯ, ಅಂತ ನಾನು ಪಟ್ಟು ಬಿಡುವುದಿಲ್ಲ. ಆ ಕಾಲದ ಎಷ್ಟೋ ಕನ್ನಡ ಚಿತ್ರಗಳು ಮದರಾಸಿನ ಲ್ಯಾಬುಗಳಲ್ಲಿ ತೊಳೆಸಿಕೊಂಡವು. ಲ್ಯಾಬು ಮುಚ್ಚಿತು, ನಿರ್ಮಾಪಕರು ತೀರಿಕೊಂಡರು, ಮಕ್ಕಳಿಗೆ ಡಬ್ಬಿ ಎಲ್ಲಿದೆಯೆಂದು ಗೊತ್ತಿಲ್ಲ.

ಮುಂದಿನ ಪಟ್ಟಿ 2032ಕ್ಕೆ. ನನ್ನನ್ನು ಯಾರೂ ಕೇಳುವುದಿಲ್ಲ, ಆದರೂ ನನ್ನ ಹತ್ತು ಸಿದ್ಧವಿದೆ. ‘ಟೋಕಿಯೊ ಸ್ಟೋರಿ’, ‘ಜೋನ್’, ‘ಪಥೇರ್ ಪಾಂಚಾಲಿ’, ‘ಝಾನ್ ಡೀಲ್ಮನ್’, ‘ಘಟಶ್ರಾದ್ಧ’, ‘ಭೂತಯ್ಯ’, ‘ಸಿಂಗಿಂಗ್ ಇನ್ ದ ರೇನ್’, ‘ಬೈಸಿಕಲ್ ಥೀವ್ಸ್’, ‘ವರ್ಟಿಗೋ’. ಒಂಬತ್ತಾಯಿತು. ಹತ್ತನೆಯದಕ್ಕೆ ಪುಟ್ಟಣ್ಣನವರ ಒಂದು ಚಿತ್ರ ಬೇಕು, ಜಗಳ ಇರುವುದು ಯಾವುದು ಅನ್ನುವುದರಲ್ಲಿ. ಗೆಳೆಯ ‘ಗೆಜ್ಜೆಪೂಜೆ’ ಅನ್ನುತ್ತಾನೆ. 1969ರ ಕಪ್ಪು ಬಿಳುಪು, ಎಂ.ಕೆ. ಇಂದಿರಾ ಅವರ ಕಥೆ, ಒಂದು ಶಾಟೂ ಹೆಚ್ಚಿಲ್ಲ ಅನ್ನುವುದು ಅವನ ವಾದ. ಒಪ್ಪುತ್ತೇನೆ. ಆದರೆ ಅಲ್ಲಿ ಚಂದ್ರಾ ಸಾಯುತ್ತಾಳೆ, ಸತ್ತಮೇಲೆ ನಾವು ಅತ್ತು ಹಗುರಾಗಿ ಎದ್ದು ಬರುತ್ತೇವೆ. ‘ಶರಪಂಜರ’ದ ಕಾವೇರಿ ಸಾಯುವುದಿಲ್ಲ. ಆಸ್ಪತ್ರೆಯಿಂದ ವಾಸಿಯಾಗಿ ಮನೆಗೆ ಬರುತ್ತಾಳೆ, ಅಲ್ಲಿಂದ ಅವಳ ಪ್ರತಿ ನಗುವನ್ನೂ, ಪ್ರತಿ ಜೋರು ಮಾತನ್ನೂ ಮನೆಯವರು ಹುಚ್ಚು ಮರಳಿತೇನೋ ಅಂತ ಅಳೆಯುತ್ತಾರೆ. ಝಾನ್ ಡೀಲ್ಮನ್ ಕುಸಿಯುವುದು ಯಾರ ಕಣ್ಣಿಗೂ ಬೀಳುವುದಿಲ್ಲ, ನೋಡುತ್ತಿರುವವರು ನಾವು ಮಾತ್ರ. ಕಾವೇರಿಯನ್ನು ಕುಸಿಯುವ ತನಕ ಎಲ್ಲರೂ ನೋಡುತ್ತಲೇ ಇರುತ್ತಾರೆ. ಅಕರ್ಮಾನ್‌ಗಿಂತ ನಾಲ್ಕು ವರ್ಷ ಮೊದಲು, 1971ರಲ್ಲಿ, ಹಾಡುಗಳ ನಡುವೆ, ಬಣ್ಣದಲ್ಲಿ, ಮನೆಮಂದಿಯೆಲ್ಲ ಕೂತು ನೋಡುವ ಸಿನಿಮಾದಲ್ಲಿ ಪುಟ್ಟಣ್ಣ ಇದನ್ನು ಮಾಡಿದ್ದರು. ಗೆಳೆಯ ಕ್ಲೈಮ್ಯಾಕ್ಸಿನಲ್ಲಿ ಕಲ್ಪನಾ ಕೂಗಾಟ ಜಾಸ್ತಿಯಾಯಿತು ಅನ್ನುತ್ತಾನೆ. ಎರಡೂ ಚಿತ್ರಗಳನ್ನು ಒಂದೇ ದಿನ, ಬೆನ್ನಿಗೆ ಬೆನ್ನು ಹಾಕಿ, ನಮ್ಮ 2032ರ ಹತ್ತನೇ ಸ್ಥಾನ ತೀರ್ಮಾನ ಮಾಡೋಣ ಅಂತ ಕರೆದಿದ್ದೇನೆ. ‘ಒಳ್ಳೇ ಪ್ರಿಂಟ್ ಹುಡುಕು, ಬರುತ್ತೇನೆ’ ಅಂದಿದ್ದಾನೆ.